ಆನೆ ಹಿಡಿದ ಸ್ಯಾಂಡರ್ಸನ್

ಕಳೆದ ದೀಪಾವಳಿ ರಜೆಯಲ್ಲಿ ನಾನು ಉಮರೇಡಿಗೆ ಹೋಗಿದ್ದೆ. ಅದು ನಾಗಪುರ ಜಿಲ್ಲೆಯ ಒಂದು ತಾಲ್ಲೂಕು ಊರು. ನಮ್ಮ ಚಿಕ್ಕಪ್ಪ ಅಲ್ಲಿ ಕಲ್ಲಿದ್ದಲು ಗಣಿಯಲ್ಲಿ ಕೆಲಸದಲ್ಲಿದ್ದಾರೆ. ಊರಿನ ಹೊರಗೆ ಗಣಿಯಿಂದ ಎತ್ತಿ ಸುರಿದ ಮಣ್ಣಿನ ದಿಬ್ಬಗಳು, ರಸ್ತೆಯ ತುಂಬ ಲಾರಿಗಳ ಧೂಳು. ಅಂಥ ಊರಿನ ಮಗ್ಗುಲಲ್ಲೇ ಹುಲಿ ತಿರುಗಾಡುವ ಕಾಡಿದೆ ಅಂತ ಚಿಕ್ಕಪ್ಪ ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ತಮಾಷೆಯಲ್ಲ. ಉಮರೇಡ್-ಕರ್ಹಾಂಡ್ಲಾ ಅಭಯಾರಣ್ಯ ಅಂತ ಅದರ ಹೆಸರು. ಜಯ್ ಎಂಬ ದೊಡ್ಡ ಗಂಡು ಹುಲಿ ದೇಶಕ್ಕೆಲ್ಲ ಹೆಸರಾಗಿ, ಕಡೆಗೆ 2016ರಲ್ಲಿ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಂತೆ ಕಾಣೆಯಾದದ್ದು ಈ ಕಾಡಿನಿಂದಲೇ.

ಒಂದು ಬೆಳಗಿನ ಜಾವ ನಾವು ಐದು ಜನ ಜಿಪ್ಸಿ ಗಾಡಿ ಹತ್ತಿದೆವು. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ನಮಗೆ ಸಿಕ್ಕ ಗೈಡ್ ಪಕ್ಕದ ಹಳ್ಳಿಯವನು, ನನಗಿಂತ ಐದಾರು ವರ್ಷ ದೊಡ್ಡವನಿರಬಹುದು. ನಮ್ಮ ಗಾಡಿಯಲ್ಲಿ ಇಪ್ಪತ್ತು ಸಲ ಕಾಡು ನೋಡಿ ದೊಡ್ಡ ಕ್ಯಾಮೆರಾ ಹೊತ್ತು ಬಂದ ಚಿಕ್ಕಪ್ಪನ ಸ್ನೇಹಿತರಿದ್ದರು; ಮೊದಲ ಸಲ ಬಂದು ಹೆದರಿ ಕೂತ ಚಿಕ್ಕಮ್ಮ ಇದ್ದರು; ಏಳು ವರ್ಷದ ತಮ್ಮನೂ ಇದ್ದ. ಅವನು ಒಬ್ಬೊಬ್ಬರಿಗೂ ಅವರವರಿಗೆ ತಕ್ಕಂತೆ ಕಾಡು ತೋರಿಸಿದ. ತಮ್ಮನಿಗೆ ಧೂಳಿನಲ್ಲಿ ಮೂಡಿದ ಹುಲಿಯ ಹೆಜ್ಜೆ ತೋರಿಸಿ ಗಂಡೋ ಹೆಣ್ಣೋ ಹೇಗೆ ಹೇಳಬೇಕು ಅಂತ ತಿಳಿಸಿದ. ಚಿಕ್ಕಮ್ಮನಿಗೆ ಹಕ್ಕಿಗಳ ಹೆಸರು ಹೇಳಿದ. ಮುಸುವಗಳು ಒಂದೇ ಸಮನೆ ಕೂಗಿದಾಗ ಇಂಜಿನ್ ನಿಲ್ಲಿಸಲು ಹೇಳಿ ಹತ್ತು ನಿಮಿಷ ನಮ್ಮನ್ನೆಲ್ಲ ಸುಮ್ಮನೆ ಕೂರಿಸಿದ. ಕ್ಯಾಮೆರಾದವರು ಗಾಡಿ ಮುಂದೆ ಬಿಡು ಅಂತ ಎರಡು ಸಲ ಒತ್ತಾಯ ಮಾಡಿದರು. ಅವನು ಒಪ್ಪಲಿಲ್ಲ. 2024ರ ಡಿಸೆಂಬರ್ 31ರಂದು ಇದೇ ಕಾಡಿನಲ್ಲಿ ಒಂದು ತಾಯಿ ಹುಲಿಯನ್ನೂ ಅದರ ಐದು ಮರಿಗಳನ್ನೂ ಪ್ರವಾಸಿಗಳ ಗಾಡಿಗಳು ಅಡ್ಡಗಟ್ಟಿ ನಿಂತಿದ್ದವು. ಮುಂಬಯಿ ಹೈಕೋರ್ಟಿನ ನಾಗಪುರ ಪೀಠ ತಾನಾಗಿಯೇ ಅದನ್ನು ವಿಚಾರಣೆಗೆ ತೆಗೆದುಕೊಂಡಿತು. ಅದನ್ನೇ ನೆನಪು ಮಾಡಿ, ಹುಲಿ ತಾನಾಗಿ ಬಂದರೆ ನೋಡೋಣ, ನಾವಾಗಿ ಅದರ ದಾರಿಗೆ ಹೋಗುವುದು ಬೇಡ ಅಂದ. ಹುಲಿ ಬರಲಿಲ್ಲ.

ವಾಪಸು ಬರುವಾಗ ಅವನು ನನ್ನ ಊರು ಯಾವುದು ಅಂತ ಕೇಳಿದ. ಚಾಮರಾಜನಗರದ ಕಡೆಯ ಹಳ್ಳಿ, ನಮ್ಮ ರಾಗಿ ಹೊಲಕ್ಕೆ ಆನೆ ಬರುತ್ತದೆ ಅಂತ ಜಂಬದಿಂದಲೇ ಹೇಳಿದೆ. ಅವರ ಆ ಕಾಡಿನಲ್ಲಿ ಆನೆ ಇಲ್ಲ. ಅವನ ಮುಖ ಅರಳಿತು. ಆನೆ ಹಿಂಡಿನಲ್ಲಿ ಮುಂದೆ ನಡೆಯುವುದು ಯಾವುದು, ಗಂಡೋ ಹೆಣ್ಣೋ? ಹುಲಿಯ ಹೆಜ್ಜೆ ನೋಡಿ ಹೇಳುವ ಹಾಗೆ ಆನೆಯ ಹೆಜ್ಜೆ ನೋಡಿ ಅದು ಎಷ್ಟು ದೊಡ್ಡದು ಅಂತ ಹೇಳಬಹುದೆ? ಚಿಕ್ಕಪ್ಪ ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಿದರು. ನನಗೆ ಎರಡಕ್ಕೂ ಉತ್ತರ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆನೆ ಓಡಿಸುವ ತಮಟೆ ಕೇಳಿ ಬೆಳೆದವನು ನಾನು. ನಾಚಿಕೆಯಾಯಿತು. ಆಮೇಲೆ ತಿಳಿಸುತ್ತೇನೆ ಅಂತ ಹೇಳಿ ಬಂದೆ.

ಮಿತ್ರರೇ, ಆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವನು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ನಮ್ಮ ಮೈಸೂರು ಸೀಮೆಯಲ್ಲಿ ಖೆಡ್ಡಾ ಹಾಕಿ ಆನೆ ಹಿಡಿಯುವುದನ್ನು ಮೊದಲು ಸಾಧಿಸಿ ತೋರಿಸಿದವನು. ಅವನ ಹೆಸರು ಕೇಳದವರು ಕಡಿಮೆ. ಆದರೆ ಅವನ ಬದುಕು ಎಷ್ಟು ಮಟ್ಟಿಗೆ ನಮ್ಮ ಭಾಷೆಯ ಮೇಲೆ ನಿಂತಿತ್ತು ಅನ್ನುವುದು ನನಗಂತೂ ಗೊತ್ತಿರಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ನಮ್ಮ ದೇಶದಲ್ಲೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಕನ್ನಡ ಓದುವ ನಮಗೆ ಮಗನಿಗಿಂತ ತಂದೆಯೇ ಹತ್ತಿರದವನು. ವಿಲಿಯಂ ರೀವ್ ಮಾಡಿದ್ದ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ, ಹಿಗ್ಗಿಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದವನು ಈ ಡೇನಿಯಲ್. ಕಿಟೆಲ್ ನಿಘಂಟು ಬರುವುದಕ್ಕೆ ಮೂವತ್ತಾರು ವರ್ಷ ಮೊದಲಿನ ಮಾತು. ಮನೆಯಲ್ಲಿ ಅಪ್ಪ ಕನ್ನಡ ಶಬ್ದಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದ ಕಾಲದಲ್ಲಿ ಮಗ ಚಿಕ್ಕ ಹುಡುಗ. ಅವನನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು.

1864ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಹುಡುಗ ತಿರುಗಿ ಬಂದ. ಕಾಫಿ ತೋಟದ ಕೆಲಸ ಕಲಿತು ಪ್ಲಾಂಟರ್ ಆಗಬೇಕು ಅನ್ನುವುದು ಲೆಕ್ಕಾಚಾರ. ಆದರೆ ಆ ಕಾಲಕ್ಕೆ ಕಾಫಿ ಕೈಕೊಟ್ಟಿತ್ತು. ತೋಟದ ಆಸೆ ಬಿಡಬೇಕಾಯಿತು. ಅಷ್ಟರಲ್ಲಿ ಅವನು ಕೂಡಿಟ್ಟದ್ದು ಒಂದೇ ಆಸ್ತಿ: ಕನ್ನಡ. ಕನ್ನಡ ಬರುತ್ತದೆ ಅನ್ನುವ ಯೋಗ್ಯತೆಯ ಮೇಲೆ 1868ರಲ್ಲಿ ಅವನಿಗೆ ಮೈಸೂರು ಸಂಸ್ಥಾನದ ಕಾಲುವೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಠಾಣ್ಯ ಹುಣಸೂರು. ಆಗ ಅವನಿಗೆ ಇಪ್ಪತ್ತು ವರ್ಷ, ಈಗಿನ ನನ್ನ ವಯಸ್ಸು. ಕನ್ನಡದಲ್ಲಿ ಓದಿದರೆ ಕೆಲಸ ಎಲ್ಲಿ ಸಿಗುತ್ತದೆ ಅಂತ ಹಳ್ಳಿಯಿಂದ ಕಾಲೇಜಿಗೆ ಬಂದ ನಮ್ಮಂಥವರನ್ನು ಕೇಳುವವರು ಬಹಳ ಜನ. ಒಬ್ಬ ಇಂಗ್ಲಿಷಿನವನಿಗೆ ಕನ್ನಡದಿಂದಲೇ ಕೆಲಸ ಸಿಕ್ಕಿದ ಕಾಲವೂ ಇತ್ತು ಅಂತ ಅವರಿಗೆ ಹೇಳಬಹುದು.

ಕಾಲುವೆ ಕೆಲಸ ಅಂದರೆ ಕೂತು ಮಾಡುವ ಕೆಲಸವಲ್ಲ. ನದಿಯಿಂದ ಹೊರಟ ನೀರು ಹೊಲ ಮುಟ್ಟುವ ತನಕ ನಡೆದು ನೋಡಬೇಕು. ಏರಿ ಒಡೆದರೆ ಕಟ್ಟಿಸಬೇಕು, ರೈತರ ಜಗಳ ಕೇಳಬೇಕು. ಹೀಗೆ ನಡೆದು ನಡೆದು ಅವನು ಕಾಡಿನ ಅಂಚಿನ ಹಳ್ಳಿಗಳನ್ನೆಲ್ಲ ಕಂಡ. ಚಾಮರಾಜನಗರದ ಸೀಮೆಗೆ ಬಂದಾಗ ಬಿಳಿಗಿರಿರಂಗನ ಬೆಟ್ಟದಿಂದ ಎರಡು ಮೂರು ಮೈಲಿ ದೂರದ ಒಂದು ಹಳ್ಳಿಯಲ್ಲಿ ಬಂಗಲೆ ಮಾಡಿಕೊಂಡ. ಮೋರ್ಲೆ ಅಂತ ಆ ಊರಿನ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ತನ್ನ ಸಣ್ಣ ಬಂಗಲೆಗೆ ತಮಾಷೆಗೋ ಪ್ರೀತಿಗೋ ಮೋರ್ಲೆ ಹಾಲ್ ಅಂತ ದೊಡ್ಡಮನೆಯ ಹೆಸರಿಟ್ಟಿದ್ದ.

ಅಲ್ಲಿಯೇ ಅವನ ನಿಜವಾದ ಪಾಠಶಾಲೆ. ಊರಿನ ಬೇಟೆಗಾರರು, ಬೆಟ್ಟದ ಸೋಲಿಗರು, ಆಮೇಲೆ ಕಾಕನಕೋಟೆ ಕಡೆಯ ಕುರುಬರು ಅವನ ಗುರುಗಳಾದರು. ಅವರು ಮುಂದೆ, ಇವನು ಹಿಂದೆ. ಒದ್ದೆ ಹುಲ್ಲು ಎಷ್ಟು ಹೊತ್ತಿಗೆ ತಲೆ ಎತ್ತುತ್ತದೆ, ಲದ್ದಿ ಬಿಸಿಯಾಗಿದೆಯೋ ಆರಿದೆಯೋ, ಮುರಿದ ಕೊಂಬೆಯ ರಸ ಒಣಗಿದೆಯೋ ಇಲ್ಲವೋ, ಜಾಡು ಹಿಡಿಯುವವರು ನೋಡುವುದು ಇಂಥವನ್ನೇ. ಅವರ ಸನ್ನೆ ನೋಡಿ ಅವನು ನಿಂತ, ಅವರ ಮಾತು ಕೇಳಿ ನಡೆದ. ನಡುವೆ ದುಭಾಷಿ ಬೇಕಾಗಿರಲಿಲ್ಲ. ಎಷ್ಟೋ ಮಂದಿ ದೊರೆಗಳು ನಮ್ಮ ಕಾಡಿಗೆ ಬಂದು ಬಂದೂಕು ಹಾರಿಸಿ ಹೋದರು. ಇವನು ಮಾತಾಡಿಸಿ ಕಲಿತ. ನನ್ನ ತಿಳಿವಳಿಕೆಯಲ್ಲಿ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಅವನು ಸಾಧು ಅಂತ ನಾನು ಹೇಳುತ್ತಿಲ್ಲ. ಅವನೂ ಬೇಟೆಗಾರನೇ. ಆನೆ, ಹುಲಿ, ಕಾಟಿ ಎಲ್ಲವನ್ನೂ ಹೊಡೆದವನು. ಆದರೂ ಆ ಕಾಲಕ್ಕೆ ಹೊಸದಾದ ಕೆಲವು ಮಾತುಗಳನ್ನು ಹೇಳಿದ. ಹುಲಿ ಅಂದರೆ ಬರೀ ಪೀಡೆ ಅಂತ ಸರ್ಕಾರ ಇನಾಮು ಕೊಟ್ಟು ಕೊಲ್ಲಿಸುತ್ತಿದ್ದ ದಿನಗಳವು. ಇವನು ಹುಲಿಗಳಲ್ಲಿ ಕಾಡುಪ್ರಾಣಿ ತಿನ್ನುವುದು ಬೇರೆ, ದನ ಹಿಡಿಯುವುದು ಬೇರೆ, ನರಭಕ್ಷಕ ಬೇರೆ ಅಂತ ವಿಂಗಡಿಸಿದ. ಜಿಂಕೆ, ಹಂದಿಗಳು ರೈತನ ಬೆಳೆ ತಿಂದು ಹಾಳು ಮಾಡುತ್ತವೆ, ಅವುಗಳನ್ನು ಹತೋಟಿಯಲ್ಲಿಡುವುದು ಹುಲಿ, ಆದ್ದರಿಂದ ಅದನ್ನು ನಿರ್ವಂಶ ಮಾಡುವುದು ತಪ್ಪು ಎಂದು ವಾದಿಸಿದ. ಇವತ್ತು ನಮ್ಮ ಪಠ್ಯಪುಸ್ತಕದಲ್ಲಿರುವ ಈ ಮಾತು ಆಗ ಬಂದೂಕು ಹಿಡಿದವನ ಬಾಯಲ್ಲಿ ಬಂದದ್ದು ದೊಡ್ಡದು.

ಆನೆಯ ವಿಷಯಕ್ಕೆ ಬರೋಣ. ಚಾಮರಾಜನಗರದ ರೈತರಿಗೆ ಆಗಲೂ ಆನೆಯ ಕಾಟ. ಆಗೆಲ್ಲ ದಕ್ಷಿಣದಲ್ಲಿ ಆನೆ ಹಿಡಿಯುತ್ತಿದ್ದದ್ದು ಗುಂಡಿ ತೋಡಿ. ಮೇಲೆ ಸೊಪ್ಪು ಮುಚ್ಚಿದ ಗುಂಡಿಗೆ ಬಿದ್ದ ಆನೆ ಕೈಕಾಲು ಮುರಿದುಕೊಂಡು ಸಾಯುವುದೇ ಹೆಚ್ಚು. ಸ್ಯಾಂಡರ್ಸನ್ ಇದನ್ನು ಕಟುವಾಗಿ ಖಂಡಿಸಿದ. ಬಂಗಾಳದ ಕಡೆ ಮಾಡುವ ಹಾಗೆ ಇಡೀ ಹಿಂಡನ್ನೇ ಸುತ್ತುವರಿದು ಒಂದು ದೊಡ್ಡಿಯೊಳಗೆ ಅಟ್ಟಿ ಹಿಡಿಯೋಣ ಎಂದು 1873ರಲ್ಲಿ ಸರ್ಕಾರಕ್ಕೆ ಸಲಹೆ ಕೊಟ್ಟ. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಸರ್ಕಾರ ಒಪ್ಪಿತು. ತಮಾಷೆ ಅಂದರೆ ಇವನಾಗಲಿ ಇವನ ಜೊತೆಗಾರರಾಗಲಿ ಅದುವರೆಗೆ ಹಾಗೆ ಆನೆ ಹಿಡಿದದ್ದನ್ನು ಕಣ್ಣಲ್ಲಿ ಕಂಡವರಲ್ಲ. ಅದಕ್ಕಿಂತ ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಇದೇ ಪ್ರಯತ್ನ ಮಾಡಿ ಸೋತು, ಇನ್ನು ಮುಂದೆ ಯಾರಿಂದಲೂ ಇದು ಆಗದು ಅಂತ ಕಲ್ಲಿನಲ್ಲಿ ಶಾಪ ಬರೆಸಿದ್ದ ಅನ್ನುವ ಪ್ರತೀತಿಯನ್ನು ಸ್ಯಾಂಡರ್ಸನ್ನನೇ ದಾಖಲು ಮಾಡಿದ್ದಾನೆ.

ಮೊದಲ ಸಲ ಕೈಗೂಡಲಿಲ್ಲ. 1874ರಲ್ಲಿ ಚಾಮರಾಜನಗರದ ಹತ್ತಿರ ಮತ್ತೆ ಹೂಡಿದ. ಇಷ್ಟಕ್ಕೆ ಬೇಕಾದ ಜನ ಎಲ್ಲಿಂದ ಬರಬೇಕು? ಬೆಳೆ ಕಳೆದುಕೊಂಡ ರೈತರೇ ಬಂದರು. ಹಿಂಡು ಎಲ್ಲಿದೆ, ಯಾವ ದಾರಿಯಲ್ಲಿ ನೀರಿಗಿಳಿಯುತ್ತದೆ ಅಂತ ಜಾಡು ತಂದವರು ಕಾಡಿನ ಜನ. ಸುತ್ತ ಕಾವಲು, ರಾತ್ರಿಯೆಲ್ಲ ಬೆಂಕಿ, ತಮಟೆ, ಕೂಗು. ಕಂದಕ ತೋಡಿ, ಮರದ ದಿಮ್ಮಿಗಳ ಬೇಲಿ ನೆಟ್ಟು ದೊಡ್ಡಿ ಕಟ್ಟಿದರು. ಕಾಲುವೆ ಅಗೆಸಿದ ಅನುಭವ ಇಲ್ಲಿ ಅವನಿಗೆ ಕೆಲಸಕ್ಕೆ ಬಂದಿರಬೇಕು. ಹಿಂಡು ಒಳಗೆ ನುಗ್ಗಿದ ಕೂಡಲೇ ಬಾಗಿಲು ಬಿತ್ತು. ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕರು. ಆ ಆನೆಗಳ ಮರೆಯಲ್ಲಿ ನೆಲಕ್ಕಿಳಿದು ಕಾಡಾನೆಯ ಹಿಂಗಾಲಿಗೆ ಹಗ್ಗ ಬಿಗಿದರು. ಐವತ್ತಕ್ಕೂ ಮೇಲ್ಪಟ್ಟು ಆನೆಗಳು ಸಿಕ್ಕಿದವು. ಇಪ್ಪತ್ತಾರು ವರ್ಷದ ಕಾಲುವೆ ಅಧಿಕಾರಿ ಒಂದೇ ದಿನದಲ್ಲಿ ಹೆಸರಾದ.

ಆಮೇಲೆ 1875ರಲ್ಲಿ ಸರ್ಕಾರ ಅವನನ್ನು ಬಂಗಾಳಕ್ಕೆ ಕರೆಸಿಕೊಂಡಿತು. ಢಾಕಾ ಕೇಂದ್ರದ ಆನೆ ಹಿಡಿಯುವ ಇಲಾಖೆಯ ಮೇಲ್ವಿಚಾರಣೆ ನೋಡಿಕೊಂಡು ಚಿತ್ತಗಾಂಗ್ ಗುಡ್ಡಗಾಡು, ಗಾರೋ ಬೆಟ್ಟಗಳಲ್ಲಿ ತಿರುಗಿದ. 1878ರಲ್ಲಿ ಅವನ ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಹದಿಮೂರು ವರ್ಷ ಭಾರತದ ಕಾಡುಪ್ರಾಣಿಗಳ ನಡುವೆ ಬದುಕಿದ್ದು ಅದರ ವಿಷಯ, ಹೆಸರೂ ಅದೇ ಅರ್ಥದ್ದು. ನಾನು ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಎಡವುತ್ತಾ ಓದಿದೆ. ನಿಘಂಟು ಮಾಡಿದವನ ಮಗನ ಪುಸ್ತಕವನ್ನು ನಿಘಂಟು ಹಿಡಿದೇ ಓದಬೇಕಾಗಿ ಬಂತಲ್ಲ ಅಂತ ನಗು ಬಂತು.

ಉಮರೇಡಿನ ಗೈಡ್ ಕೇಳಿದ್ದ ಎರಡು ಪ್ರಶ್ನೆಗಳಿಗೂ ಉತ್ತರ ಅದರಲ್ಲೇ ಸಿಕ್ಕಿತು. ಹಿಂಡನ್ನು ನಡೆಸುವುದು ಯಾವಾಗಲೂ ಹೆಣ್ಣಾನೆ. ದಂತದ ದೊಡ್ಡ ಗಂಡಲ್ಲ. ಇನ್ನು ಹೆಜ್ಜೆಯ ಲೆಕ್ಕ: ಮುಂಗಾಲಿನ ಪಾದದ ಸುತ್ತಳತೆ ತೆಗೆದು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರ ಬರುತ್ತದೆ, ಹೆಚ್ಚುಕಡಿಮೆ ಒಂದೆರಡು ಅಂಗುಲ. ಸುತ್ತಳತೆ ನಾಲ್ಕೂವರೆ ಅಡಿ ಇದ್ದರೆ ಆನೆ ಒಂಬತ್ತು ಅಡಿ. ಹದಿನೈದು ಅಡಿ ಎತ್ತರದ ಆನೆಯ ಕತೆಗಳೆಲ್ಲ ಸುಳ್ಳು, ಹತ್ತು ಅಡಿಯದೇ ಅಪರೂಪ ಅಂತ ಅಳತೆ ಮಾಡಿ ತೋರಿಸಿದ. ಆನೆ ಮಹಾ ಬುದ್ಧಿವಂತ ಅನ್ನುವುದನ್ನೂ ಅವನು ಅಷ್ಟಾಗಿ ಒಪ್ಪಲಿಲ್ಲ. ಅದರ ದೊಡ್ಡ ಗುಣ ಬುದ್ಧಿಯಲ್ಲ, ಸೌಮ್ಯತೆ ಮತ್ತು ಹೇಳಿದ ಮಾತು ಕೇಳುವುದು ಅನ್ನುವುದು ಅವನ ಅಭಿಪ್ರಾಯ. ಆ ಸೌಮ್ಯತೆಯಿಂದಲೇ ಅದು ಬಂದಿಯಾದದ್ದು ಅಲ್ಲವೆ ಅಂತ ನನಗೆ ಅನ್ನಿಸಿತು. ದೊಡ್ಡಿಗೆ ಬಿದ್ದ ಆನೆಗಳೆಲ್ಲ ಬದುಕಲಿಲ್ಲ. ಹಗ್ಗದ ಗಾಯದಿಂದ, ಕೊರಗಿನಿಂದ ಸತ್ತವೂ ಇವೆ. ಗುಂಡಿಗಿಂತ ಖೆಡ್ಡಾ ಮೇಲು ಇರಬಹುದು, ಆದರೆ ಒಳ್ಳೆಯದು ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೈಸೂರಿಗೆ ಮರಳಿದ ಮೇಲೆ ಸ್ಯಾಂಡರ್ಸನ್ನನ ಖೆಡ್ಡಾ ನೋಡುವ ಸಂಗತಿಯಾಯಿತು. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಬಂತು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಅವನಿಗೆ ತೋರಿಸಲು ಖೆಡ್ಡಾ ಏರ್ಪಾಡಾಯಿತು. ನಡೆಸಿಕೊಟ್ಟವನು ಸ್ಯಾಂಡರ್ಸನ್. ಕಾಡನ್ನೇ ಕಾಣದ ರಾಜಕುಮಾರನನ್ನು ಕಾಡಿಗೆ ಕರೆದುಕೊಂಡು ಹೋಗಿ, ಏನೂ ಅಪಾಯವಾಗದಂತೆ, ಬೇಸರವೂ ಆಗದಂತೆ ಆನೆ ತೋರಿಸುವುದು. ಯೋಚಿಸಿ ನೋಡಿದರೆ ಇವತ್ತು ಉಮರೇಡಿನಲ್ಲಿ, ಬಂಡೀಪುರದಲ್ಲಿ, ನಾಗರಹೊಳೆಯಲ್ಲಿ ಗೈಡುಗಳು ಮಾಡುವ ಕೆಲಸವೇ ಅದು. ಮೋರ್ಲೆಯಲ್ಲಿ ಹಿಂದೆ ನಡೆದು ಕಲಿತವನು ಇಲ್ಲಿ ಮುಂದೆ ನಡೆದ. ಅವನ ಮುಂದೆ ಇನ್ನೂ ಯಾರು ಯಾರು ನಡೆದರೋ ಅವರ ಹೆಸರು ರಾಜಕುಮಾರನಿಗೆ ಯಾರೂ ಹೇಳಿರಲಾರರು.

ಮೂರೇ ವರ್ಷ. 1892ರ ಮೇ ತಿಂಗಳಲ್ಲಿ ಸ್ಯಾಂಡರ್ಸನ್ ಮದರಾಸಿನಲ್ಲಿ ತೀರಿಕೊಂಡ. ವಯಸ್ಸು ನಲವತ್ತನಾಲ್ಕರ ಆಸುಪಾಸು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಡಿನಲ್ಲಿ ತಿರುಗಿದವನಿಗೆ ಮುಪ್ಪು ಕಾಣುವ ಅವಕಾಶ ಸಿಗಲಿಲ್ಲ.

ಅವನು ಸತ್ತ ಎರಡು ವರ್ಷಕ್ಕೆ, 1894ರಲ್ಲಿ, ಎರಡು ಪುಸ್ತಕ ಬಂದವು. ಒಂದು ಕಿಟೆಲ್ ನಿಘಂಟು. ಇನ್ನೊಂದು ಕಿಪ್ಲಿಂಗನ ಜಂಗಲ್ ಬುಕ್. ಅದರಲ್ಲಿ ತೂಮಾಯಿ ಎಂಬ ಮಾವುತರ ಹುಡುಗನ ಕತೆ ಬರುತ್ತದೆ. ಅದರೊಳಗಿನ ಪೀಟರ್ಸನ್ ಸಾಹೇಬ ಅಂದರೆ ನಮ್ಮ ಸ್ಯಾಂಡರ್ಸನ್ನೇ ಅನ್ನುತ್ತಾರೆ. ಆ ಕತೆಯನ್ನು ಮುಂದೆ ಸಿನಿಮಾ ಮಾಡಲು ಬಂದವರು ಮೈಸೂರಿಗೇ ಬಂದರು. 1937ರಲ್ಲಿ ತೆರೆಗೆ ಬಂದ ಎಲಿಫೆಂಟ್ ಬಾಯ್‌ನಲ್ಲಿ ತೂಮಾಯಿಯಾಗಿ ನಟಿಸಿದ ಹುಡುಗ ಸಾಬು, ಕಾರಾಪುರದವನು, ಮೈಸೂರಿನ ಮಾವುತನ ಮಗ. ಅವನು ಹಾಲಿವುಡ್ಡಿನ ತನಕ ಹೋದ. ಸಾಹೇಬನ ಕತೆಯಲ್ಲಿ ಮಾವುತನ ಮಗನ ಹೆಸರು ಉಳಿದ ಒಂದೇ ಒಂದು ಸಂದರ್ಭ ನನಗೆ ಕಂಡದ್ದು ಇದು. ಅದೂ ಸಿನಿಮಾದಿಂದ.

ಖೆಡ್ಡಾಗಳು ಮುಂದೆಯೂ ನಡೆದವು. ಕಾಕನಕೋಟೆಯ ಖೆಡ್ಡಾ ನೋಡಲು ವೈಸರಾಯ್‌ಗಳೂ ಬಂದರು. ಕೊನೆಯದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಬಿನಿ ಅಣೆಕಟ್ಟಿನ ಹಿನ್ನೀರು ಹಳೆಯ ಖೆಡ್ಡಾ ಜಾಗಗಳನ್ನು ಮುಳುಗಿಸಿತು. 1980ರಲ್ಲಿ ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಶುರುಮಾಡಿತು. ಈಗ ಕಾರಾಪುರದಲ್ಲಿ ಆ ಹಿನ್ನೀರಿನ ದಂಡೆಯಲ್ಲೇ ಜನ ಇಳಿದುಕೊಂಡು, ಜೀಪಿನಲ್ಲಿ, ದೋಣಿಯಲ್ಲಿ ಆನೆ ನೋಡಿ ಬರುತ್ತಾರೆ. ಹಗ್ಗ ಹೋಗಿ ಕ್ಯಾಮೆರಾ ಬಂದಿದೆ. ಇದು ನಿಜವಾಗಿಯೂ ಮುನ್ನಡೆ. ಆದರೆ ಗಾಡಿಗಳು ಸುತ್ತುವರಿದು ನಿಂತರೆ ಕ್ಯಾಮೆರಾವೂ ಖೆಡ್ಡಾ ಆಗುತ್ತದೆ. ಉಮರೇಡಿನ ಆ ತಾಯಿ ಹುಲಿಗೆ ಆದದ್ದು ಅದೇ. ಅದನ್ನು ತಡೆಯುವವನು ಗಾಡಿಯಲ್ಲಿ ಒಬ್ಬನೇ ಇರುತ್ತಾನೆ, ಸಾಕು ನಿಲ್ಲಿಸಿ ಅನ್ನಬೇಕಾದ ಗೈಡ್. ಅವನ ಮಾತಿಗೆ ನಾವು ಬೆಲೆ ಕೊಟ್ಟರೆ ಮಾತ್ರ ಅವನು ಹಾಗೆ ಅನ್ನಬಲ್ಲ.

ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯದ ಹಕ್ಕನ್ನೂ ಸರ್ಕಾರ ಮಾನ್ಯ ಮಾಡಿತು. ಸ್ಯಾಂಡರ್ಸನ್ನನಿಗೆ ದಾರಿ ತೋರಿಸಿದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಲೆಕ್ಕ ಬರೆಯಲು ಕಲಿಯುತ್ತಿರುವ ನನಗೆ ಇದು ಬಹಳ ತಡವಾಗಿ ಜಮಾ ಆದ ಬಾಬತ್ತು ಅನ್ನಿಸುತ್ತದೆ.

ಕಡೆಯದಾಗಿ ನನ್ನದೇ ಒಂದು ಮಾತು. ಸಂಕ್ರಾಂತಿಗೆ ಊರಿಗೆ ಹೋದಾಗ ಪುಸ್ತಕದಲ್ಲಿ ಓದಿದ್ದನ್ನು ತಾತನ ಮುಂದೆ ಹೇಳಿದೆ. ಹಿಂಡಿನ ಮುಂದೆ ಹೆಣ್ಣಾನೆ ನಡೆಯುತ್ತಂತೆ ತಾತ, ಗೊತ್ತಾ ಅಂತ. ತಾತ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮುದಿ ಹೆಣ್ಣಾನೆ ಮೊದಲು ಬೇಲಿಯ ಹತ್ತಿರ ಬಂದು ಸೊಂಡಿಲು ಎತ್ತಿ ಗಾಳಿ ನೋಡುತ್ತದೆ, ಅದು ತಿರುಗಿದರೆ ಎಲ್ಲವೂ ತಿರುಗುತ್ತವೆ, ಅಟ್ಟಣೆ ಮೇಲೆ ಕೂತವನು ಅದೊಂದನ್ನೇ ನೋಡುತ್ತಾ ಇರಬೇಕು ಅಂತ ಹೇಳಿದರು. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ಹೇಳಿದರು. ಯಾಕೆ ತಾತ ಇದನ್ನು ಯಾವತ್ತೂ ಹೇಳಲಿಲ್ಲ ಅಂದೆ. ನೀನು ಕೇಳಲಿಲ್ಲವಲ್ಲ ಅಂದರು.

ನೂರೈವತ್ತು ವರ್ಷದ ಹಿಂದೆ ಒಬ್ಬ ಪರದೇಶದ ಹುಡುಗ ಕೇಳಿದ. ನಮ್ಮವರು ಹೇಳಿದರು. ಅವನು ಬರೆದಿಟ್ಟ. ನಮ್ಮ ತಾತನ ತಿಳಿವಳಿಕೆ ನನಗೆ ಲಂಡನ್ ಸುತ್ತಿಕೊಂಡು ಬರಬೇಕಾಯಿತು. ಇದರಲ್ಲಿ ಸ್ಯಾಂಡರ್ಸನ್ನನ ತಪ್ಪೇನೂ ಇಲ್ಲ.

ಉತ್ತರ ಎರಡನ್ನೂ, ತಾತ ಹೇಳಿದ್ದನ್ನೂ ಸೇರಿಸಿ ಬರೆದು ಚಿಕ್ಕಪ್ಪನಿಗೆ ಕಳಿಸಿದೆ. ಅವರು ಕಾಡಿನ ಗೇಟಿನ ಹತ್ತಿರ ಹೋಗಿ ಆ ಗೈಡನ್ನು ಹುಡುಕಿ ಹಿಂದಿಯಲ್ಲಿ ತಿಳಿಸಿದರಂತೆ. ಅವನು ಪಾದದ ಅಳತೆಯ ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡನಂತೆ. ಅವತ್ತು ನಾಲ್ಕು ಗಂಟೆ ಜೊತೆಯಲ್ಲಿ ತಿರುಗಿದರೂ ಅವನ ಹೆಸರು ಕೇಳಿರಲಿಲ್ಲ ನಾನು. ಈ ಸಲ ಚಿಕ್ಕಪ್ಪನ ಮೂಲಕ ಕೇಳಿ ತಿಳಿದುಕೊಂಡು ನನ್ನ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.